ಲೋಟದಲ್ಲಿ ಕರಗಿದ ವರ್ಷಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಐಸ್ ಫ್ಯಾಕ್ಟರಿಯ ಬಾಗಿಲಿನ ಅಡಿಯಿಂದ ಬಿಳಿ ಆವಿ ರಸ್ತೆಗೆ ತೆವಳಿಕೊಂಡು ಬರುತ್ತಿದೆ. ಒಳಗೆ, ಗೋಡೆಯ ಮೀಟರಿಗೆ ಮೂಗು ತಾಗುವಷ್ಟು ಹತ್ತಿರ ಒಬ್ಬ ಹೆಂಗಸು ನಿಂತಿದ್ದಾರೆ. ಕೈಯಲ್ಲಿ ಟಾರ್ಚು. ಮೀಟರಿನ ಗಾಜಿನ ಹಿಂದೆ ತಗಡಿನ ಚಕ್ರವೊಂದು ಗಿರಗಿರನೆ ತಿರುಗುತ್ತಿದೆ.

"ಪಂಪು" ಅನ್ನುತ್ತಾರೆ. ಹಿಂದೆಲ್ಲೋ ಸ್ವಿಚ್ಚು ಟಪ್ ಅನ್ನುತ್ತದೆ. ನೀರಿನ ಸದ್ದು ನಿಲ್ಲುತ್ತದೆ. ಚಕ್ರ ತುಸು ನಿಧಾನವಾಗುತ್ತದೆ.

"ಫ್ಯಾನು." ಟಪ್.

"ದೀಪಗಳು." ಟಪ್. ಈಗ ಟಾರ್ಚಿನ ಬೆಳಕೊಂದೇ.

"ಇನ್ನು ದೊಡ್ಡದು."

ದೊಡ್ಡದು ಅಂದರೆ ಕಂಪ್ರೆಸರ್. ಇಡೀ ಫ್ಯಾಕ್ಟರಿಗೆ ತಣ್ಣನೆಯ ಉಸಿರು ಊದುವ, ಆನೆಮರಿಯಷ್ಟು ಎತ್ತರದ ಹಳೆಯ ಮೆಷಿನ್ನು. ಸ್ವಿಚ್ಚಿನ ಬಳಿ ನಿಂತ ಮಾಲೀಕರು ಹಿಂದೆಮುಂದೆ ನೋಡುತ್ತಾರೆ.

"ಅದನ್ನೂ ಆರಿಸ್ಬೇಕಾ?"

"ಆರಿಸಿದ್ರೆ ತಾನೇ ಅದು ಎಷ್ಟು ತಿನ್ನುತ್ತೆ ಅಂತ ಗೊತ್ತಾಗೋದು, ಯಜಮಾನ್ರೆ."

ಬೆಲ್ಟು ನಿಧಾನವಾಗಿ ಸುತ್ತಿ ಸುತ್ತಿ ನಿಲ್ಲುತ್ತದೆ. ಮೀಟರಿನ ಚಕ್ರವೂ ನಿಲ್ಲುತ್ತದೆ. ಇಂಥ ಮೌನ ಈ ಜಾಗಕ್ಕೆ ಅಭ್ಯಾಸವಿಲ್ಲ. ಐಸು ಕಟ್ಟಿಸುವ ಉಪ್ಪುನೀರಿನ ತೊಟ್ಟಿಯೊಳಗೆ ಎಲ್ಲೋ ಮಂಜುಗಡ್ಡೆ ಬಿರುಕು ಬಿಟ್ಟ ಸದ್ದು. ಆಮೇಲೆ ಅದೂ ಇಲ್ಲ. ಆಗ, ನಿಂತುಹೋದ ಮೆಷಿನ್ನಿನ ಹೊಟ್ಟೆಯೊಳಗಿಂದ ಯಾರೋ ಕೆಮ್ಮುತ್ತಾರೆ. ಮೊದಲು ತಡೆದುಕೊಂಡಂತೆ ಒಂದು. ತಡೆಯಲಾರದೆ ಬಿಟ್ಟಂತೆ ಇನ್ನೆರಡು.

ಮಾಲೀಕರ ತಂಗಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. "ಅಪ್ಪ" ಅನ್ನುತ್ತಾರೆ, ತಮಗೆ ಮಾತ್ರ ಕೇಳುವ ಹಾಗೆ.

"ಒಳಗೆ ಉಳಿದ ಗ್ಯಾಸು ಜಾಗ ಹುಡುಕ್ಕೊಳ್ತಾ ಇದೆ. ಕವಾಟ ಸವೆದಿದೆ. ಅಷ್ಟೇ" ಅನ್ನುತ್ತಾರೆ ಮೀಟರಿನ ಬಳಿಯ ಹೆಂಗಸು. ಟಾರ್ಚು ಆರಿಸುತ್ತಾರೆ. ಕತ್ತಲಲ್ಲಿ ಅವರ ದನಿ ಮತ್ತೆ ಬರುತ್ತದೆ: "ಅಷ್ಟೇ ಇರ್ಬೇಕು."

ಇವರನ್ನು ಎದುರಿಗೆ ಎಲ್ಲರೂ ಮೀಟರಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಕರಿನಾಲಿಗೆ ಎನ್ನುತ್ತಾರೆ. ಎರಡೂ ಅವರಿಗೆ ಗೊತ್ತು. ಕರೆಂಟು, ಸೌದೆ, ಎಣ್ಣೆ, ಗ್ಯಾಸು, ಯಾವುದನ್ನಾದರೂ ಉರಿಸಿ ಹೊಟ್ಟೆ ಹೊರೆಯುವ ಸಣ್ಣ ಕಸುಬಿನವರು ಹಳೆ ಮೆಷಿನ್ನು ಇಟ್ಟುಕೊಳ್ಳುವುದೋ, ಹೊಸದು ತರುವುದೋ ಎಂದು ಗೊಂದಲಕ್ಕೆ ಬಿದ್ದಾಗ ಇವರನ್ನು ಕರೆಸುತ್ತಾರೆ. ಬೇಕರಿ, ಬಟ್ಟೆ ಒಗೆಯುವ ಲಾಂಡ್ರಿ, ಮರ ಕೊಯ್ಯುವ ಮಿಲ್ಲು, ಹಾಸ್ಟೆಲ್ಲು, ಹಳೆಯ ಸಿನಿಮಾ ಟಾಕೀಸು. ವಾರಕ್ಕೆ ನಾಲ್ಕೈದು ಕಡೆ. ಕೆಲಸ ಶುರುವಾಗುವ ಮೊದಲೇ ಬರಬೇಕು, ಯಾಕೆಂದರೆ ಎಲ್ಲವನ್ನೂ ಒಂದೊಂದಾಗಿ ಆರಿಸಿ ನೋಡಬೇಕು. ಕೂಲಿ, ಒಬ್ಬ ಎಲೆಕ್ಟ್ರಿಷಿಯನ್ನಿನ ಅರ್ಧ ದಿನದ್ದು. ಲೆಕ್ಕ ಕೇಳಿ ಸಿಟ್ಟಾದವರು ಅದನ್ನೂ ಕೊಡುವುದಿಲ್ಲ.

ಅವರ ಬಳಿ ಕಾಗದವಿಲ್ಲ. ಸೀಮೆಸುಣ್ಣದ ತುಂಡು ಇದೆ. ಮೆಷಿನ್ನಿನ ಮುಂದೆ ನೆಲದ ಮೇಲೇ ಬರೆಯುತ್ತಾರೆ, ನಾಲ್ಕೇ ಸಾಲು. ಹೊಸದಕ್ಕೆ ಎಷ್ಟು ಬೇಕು. ಅದರಿಂದ ತಿಂಗಳಿಗೆ ಎಷ್ಟು ಉಳಿಯುತ್ತದೆ. ಹಾಕಿದ್ದು ವಾಪಸು ಬರಲು ಎಷ್ಟು ವರ್ಷ. ಕೊನೆಯ ಸಾಲು, ಮಾಲೀಕರು ಇದನ್ನು ಇನ್ನೆಷ್ಟು ವರ್ಷ ನಡೆಸುತ್ತಾರೆ. ಮೂರನೇ ಸಾಲಿಗಿಂತ ನಾಲ್ಕನೆಯದು ದೊಡ್ಡದಾಗಿದ್ದರೆ ತರಬಹುದು. ಚಿಕ್ಕದಾಗಿದ್ದರೆ ಬೇಡ. ದುಡ್ಡಿನಲ್ಲಿ ಹೇಳಿದರೆ ಜನ ಹೆದರುತ್ತಾರೆ ಎಂದು ಅವರು ಎಲ್ಲವನ್ನೂ ಬಿಲ್ಲಿನಲ್ಲಿ ಅಳೆಯುತ್ತಾರೆ. ಒಂದು ತಿಂಗಳ ಕರೆಂಟ್ ಬಿಲ್ಲು ಅಂದರೆ ಒಂದು ಬಿಲ್ಲು. ಮೆಷಿನ್ನಿಗೆ ಇಷ್ಟು ಬಿಲ್ಲು, ಉಳಿತಾಯ ಇಷ್ಟು ಬಿಲ್ಲು.

"ಇದೇನು ನನ್ನ ತಲೇಲಿ ಹುಟ್ಟಿದ್ದಲ್ಲ" ಎನ್ನುತ್ತಾರೆ. ನೂಲಿನ ಗಿರಣಿಯಲ್ಲಿ ಸ್ವಿಚ್ ಬೋರ್ಡಿನ ಮುಂದೆ ಹತ್ತೊಂಬತ್ತು ವರ್ಷ ನಿಂತವರು ಅವರು. ಅಲ್ಲಿನ ಎಂಜಿನಿಯರ್ ಸಾಹೇಬರು ಮಧ್ಯಾಹ್ನದ ಬಿಡುವಿನಲ್ಲಿ ಸೀಮೆಸುಣ್ಣ ಹಿಡಿದು ಕೂರಿಸಿ ಕಲಿಸಿದ್ದು. "ಪುಣ್ಯಾತ್ಮ. ತುಂಬ ಓದಿದ್ರು, ಆದ್ರೆ ನನಗೆ ಹೇಳೋವಾಗ ರೊಟ್ಟಿ ಹಂಚೋ ಹಾಗೆ ಹೇಳೋರು. ಒಂದಿನ ಗಿರಣಿಯ ಲೆಕ್ಕಾನೇ ಬರೆದ್ರು. ಬರೆದು ಸೀಮೆಸುಣ್ಣ ಕೆಳಗಿಟ್ರು. ನಾನು ಏನ್ ಸಾರ್ ಅಂದೆ. ಇನ್ನೆರಡು ವರ್ಷ ಅಮ್ಮ, ಅಂದ್ರು. ಹಾಗೇ ಆಯ್ತು."

ಗಿರಣಿ ಮುಚ್ಚಿದ ಮೇಲೆ ಅವರಿಗೆ ಉಳಿದಿದ್ದು ಆ ನಾಲ್ಕು ಸಾಲು. ಮೊದಮೊದಲು ನಾಲ್ಕನೆಯದನ್ನು ಬಾಯಿಬಿಟ್ಟೇ ಕೇಳುತ್ತಿದ್ದರು. ಇನ್ನೆಷ್ಟು ವರ್ಷ ನಡೆಸ್ತೀರಾ? ಕೇಳದೆ ಲೆಕ್ಕ ಮುಗಿಯುವುದಿಲ್ಲ. ಲಾಂಡ್ರಿಯ ಮಾಲೀಕರೊಬ್ಬರು ನಗುತ್ತಾ "ಎಂಟು ಬರ್ಕೊಳ್ಳಿ" ಅಂದರು. ನೀರು ಕಾಯಿಸುವ ಹೊಸ ಬಾಯ್ಲರು ಬಂತು. ಆರನೇ ವರ್ಷಕ್ಕೆ ಹಾಕಿದ್ದೆಲ್ಲ ವಾಪಸು ಬಂತು. ಎಂಟು ವರ್ಷ ತುಂಬಿದಾಗ, ಬಾಯ್ಲರ್ ಬಂದ ತಿಂಗಳಿನಲ್ಲೇ, ಮಾಲೀಕರು ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದವರು ಏಳಲಿಲ್ಲ.

ಹೆಂಡತಿ ಮೀಟರಕ್ಕನ ಮನೆ ಬಾಗಿಲಿಗೆ ಬಂದು ನಿಂತರು. ಅಳಲಿಲ್ಲ, ಕೂಗಾಡಲಿಲ್ಲ. "ಇಪ್ಪತ್ತು ಅಂತ ಯಾಕೆ ಹೇಳಿಸ್ಲಿಲ್ಲ ನೀನು?" ಅಂದರು. ಕೈಯಲ್ಲಿ ಸೋಪಿನ ಪುಡಿ ಅಳೆಯುವ ತಗಡಿನ ಲೋಟವಿತ್ತು, ಲಾಂಡ್ರಿಯಿಂದ ಹಾಗೇ ಎದ್ದು ಬಂದಿದ್ದರು. ಅದನ್ನು ಮೀಟರಕ್ಕನ ಕೈಗೆ ತುರುಕಿ ಹೇಳಿದರು: "ಇನ್ಮೇಲೆ ಯಾರ ಬಾಯಿಂದಾನೂ ಹೇಳಿಸ್ಬೇಡ. ಇದರಲ್ಲಿ ಹಾಕಿಸ್ಕೋ."

ಅಂದಿನಿಂದ ಇದೇ ಪದ್ಧತಿ. ಮೀಟರಕ್ಕ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಮಾಲೀಕರು ಮರೆಗೆ ಹೋಗಿ, ಇನ್ನೆಷ್ಟು ವರ್ಷವೋ ಅಷ್ಟನ್ನು ಲೋಟಕ್ಕೆ ಹಾಕಿ, ಬಟ್ಟೆ ಮುಚ್ಚಿ ಇಡಬೇಕು. ಏನು ಹಾಕಬೇಕೆಂಬ ಕಟ್ಟಳೆಯಿಲ್ಲ, ಕೈಗೆ ಸಿಕ್ಕಿದ್ದು. ದರ್ಜಿ ಗುಂಡಿಗಳನ್ನು ಹಾಕಿದ್ದಾನೆ. ಮರದ ಮಿಲ್ಲಿನವನು ಚಕ್ಕೆಗಳನ್ನು. ಟಾಕೀಸಿನವರು ಹರಿದ ಟಿಕೆಟ್ಟುಗಳನ್ನು. ಇಬ್ಬರು ಮಾಲೀಕರಿರುವ ಕಡೆಗೆಂದು ಅಂಥದೇ ಇನ್ನೊಂದು ಲೋಟ ತಂದುಕೊಂಡಿದ್ದಾರೆ. ಇಬ್ಬರೂ ಇಟ್ಟ ಮೇಲೆ, ಬೆಳಕಾದ ಮೇಲೆಯೇ ಬಟ್ಟೆ ತೆಗೆಯುವುದು. ನೆಲದ ಮೇಲಿನ ಬರಹವನ್ನು ಮಾಲೀಕರೇ ಅಳಿಸಬೇಕು. ಮೀಟರಕ್ಕ ಅಳಿಸುವುದಿಲ್ಲ.

"ಬಾಯಲ್ಲಿ ಕೇಳಿದ್ರೆ ಜನ ಸುಳ್ಳು ಹೇಳ್ತಾರೆ. ಲೋಟಕ್ಕೆ ಸುಳ್ಳು ಹಾಕಿದವರನ್ನ ನಾನು ಇನ್ನೂ ನೋಡಿಲ್ಲ. ಯಾಕೋ ಗೊತ್ತಿಲ್ಲ" ಎನ್ನುತ್ತಾರೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಮೆಟ್ಟಿಲು ಹತ್ತಿದರೆ ಮೊದಲು ಕೇಳುವುದು ಫ್ಯಾನಿನ ಸದ್ದು: ಕಟಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಟಕ್. ಅದರ ಕೆಳಗೆ ಗಂಡ ಕೂತಿರುತ್ತಾರೆ. ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಎಡಗಿವಿ ಕೇಳಿಸದು. "ಊರವರ ಮೆಷಿನ್ನೆಲ್ಲ ಬದಲಾಯಿಸ್ತಾಳೆ, ಮನೆ ಫ್ಯಾನು ನೋಡಿ" ಎಂದು ತೋರಿಸುತ್ತಾರೆ. "ಹೊಸದು ತಾರೇ ಅಂದ್ರೆ ಲೋಟ ತರ್ತಾಳೆ. ಫ್ಯಾನು ಕೆಟ್ಟರೂ ಪರವಾಗಿಲ್ಲ, ನಾನು ಆ ಲೋಟ ಮುಟ್ಟಲ್ಲ. ಸೆಕೆ ತಡೀಬಹುದು, ಎಣಿಕೆ ತಡೆಯೋಕಾಗಲ್ಲ."

"ಇವರಿಗೆ ಯಾವ ಕಿವಿ ಕೇಳಲ್ಲ ಅಂತ ನನಗೆ ಇನ್ನೂ ಅನುಮಾನ" ಎನ್ನುತ್ತಾರೆ ಮೀಟರಕ್ಕ. ಗಂಡ ಬಲಗಡೆ ತಿರುಗಿ ನಗುತ್ತಾರೆ.

ಬೀದಿಯವರು ಅವರೊಂದಿಗೆ ಜಗಳವಾಡುವುದಿಲ್ಲ. ಅಷ್ಟೇ ಅಲ್ಲ, ಹೆಚ್ಚು ಮಾತೂ ಆಡುವುದಿಲ್ಲ. ಅವರು ಬರುವುದು ಕಂಡರೆ ಅಂಗಡಿಯವನು ಈಗ ಆರೀತೇನೋ ಎಂದು ಬಲ್ಬಿನ ಕಡೆ ನೋಡುತ್ತಾನೆ, ತಾಯಂದಿರು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಮೀಟರಕ್ಕ ಇದನ್ನು ಹೇಳುವಾಗ ಬೇಸರವನ್ನು ತೋರಿಸುವುದಿಲ್ಲ. "ಮೋಡ ಆಗಿದೆ ಅಂದ್ರೆ ಸಾಕು, ಬೀದಿಯವರೆಲ್ಲ ಓಡಿಹೋಗಿ ಬಟ್ಟೆ ತೆಗೀತಾರೆ. ನಾಲಿಗೆಗೆ ಅಷ್ಟಾದ್ರೂ ಬೆಲೆ ಇದೆಯಲ್ಲ!" ಲಾಂಡ್ರಿಯ ಅಮ್ಮ ಮಾತ್ರ ಇವತ್ತಿಗೂ ಅವರ ಬಟ್ಟೆಯನ್ನು ಇಸ್ತ್ರಿ ಮಾಡಿ ಕಳಿಸುತ್ತಾರೆ. ಮಾತಿಲ್ಲ. ಬಟ್ಟೆಯ ಗಂಟು ಮೆಟ್ಟಿಲ ಮೇಲೆ ಬಂದು ಕೂತಿರುತ್ತದೆ.

ಐಸ್ ಫ್ಯಾಕ್ಟರಿಯಲ್ಲಿ ಈಗ ದೀಪ ಹತ್ತಿದೆ. ಕಂಪ್ರೆಸರ್ ಇನ್ನೂ ನಿಂತೇ ಇದೆ. ಅದರ ಪಕ್ಕದಲ್ಲಿ ಒಂದು ಮರದ ಕುರ್ಚಿ. ಅದರಲ್ಲಿ ಯಾರೂ ಕೂರುವುದಿಲ್ಲ. ಈ ಅಣ್ಣ ತಂಗಿಯರ ತಂದೆ ನಲವತ್ತು ವರ್ಷ ಮೆಷಿನ್ನು ಕಾದಿದ್ದು ಅದೇ ಕುರ್ಚಿಯಲ್ಲಿ. ಕೆಮ್ಮುತ್ತಾ ಕೆಮ್ಮುತ್ತಾ ತೀರಿಕೊಂಡದ್ದೂ ಅದರಲ್ಲೇ. ಅವರು ಕಣ್ಣುಮುಚ್ಚಿದ ವರ್ಷವೇ ಮೆಷಿನ್ನಿಗೆ ಕೆಮ್ಮು ಹತ್ತಿಕೊಂಡಿತು.

ಅಣ್ಣನಿಗೆ ಈಗ ಅರವತ್ತೇಳು. ಮೆಷಿನ್ನು ನೋಡಿಕೊಳ್ಳುವುದು, ಗಡ್ಡೆಗಳನ್ನು ಎತ್ತಿ ಕೊಡುವುದು ಅವರ ಕೆಲಸ. ಗಂಡ ತೀರಿಕೊಂಡ ಮೇಲೆ ಬಂದು ಜೊತೆಯಾದ ತಂಗಿ ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ. ಇಬ್ಬರೂ ಮಹಡಿಯ ಮೇಲೆಯೇ ಇರುತ್ತಾರೆ. ಮೂವತ್ತು ವರ್ಷದ ಉಳಿತಾಯ ಒಂದೇ ಕಡೆ ಇದೆ. ಅಣ್ಣ ಅದನ್ನೆಲ್ಲ ಹಾಕಿ ಹೊಸ ಕಂಪ್ರೆಸರ್ ತರಬೇಕು ಅನ್ನುತ್ತಾರೆ. ತಂದರೆ ಇಬ್ಬರಿಗೂ ಕೈಯಲ್ಲಿ ಬಿಡಿಕಾಸು ಉಳಿಯುವುದಿಲ್ಲ. ತಂಗಿಗೆ ಮನಸ್ಸಿಲ್ಲ. ಆದರೆ ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ.

"ಹೇಳಿದ್ರೆ ನನ್ನ ಮೇಲೇ ಬರ್ತಾನೆ" ಎನ್ನುತ್ತಾರೆ, ಮೆಲ್ಲಗೆ. "ಅವನಿಗೆ ಕರೆಂಟಿನ ಚಿಂತೆ ಇಲ್ಲ. ರಾತ್ರಿಯೆಲ್ಲ ಕೆಳಗಿಂದ ಅಪ್ಪನ ಕೆಮ್ಮು ಕೇಳುತ್ತಲ್ಲ, ಅದನ್ನ ನಿಲ್ಲಿಸ್ಬೇಕು ಅವನಿಗೆ."

ಮೀಟರಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬರೆಯುತ್ತಾರೆ. ಹೊಸ ಕಂಪ್ರೆಸರಿಗೆ ನಲವತ್ತೆರಡು ಬಿಲ್ಲು. ಅದರಿಂದ ಉಳಿಯುವುದು ತಿಂಗಳಿಗೆ ಬಿಲ್ಲಿನ ಮೂರರಲ್ಲೊಂದು ಪಾಲು. ಅಂದರೆ ವರ್ಷಕ್ಕೆ ನಾಲ್ಕು ಬಿಲ್ಲು.

"ಹತ್ತೂವರೆ ವರ್ಷ" ಎಂದು ಅಣ್ಣ ತಟ್ಟನೆ ಹೇಳುತ್ತಾರೆ. "ಅಷ್ಟು ಲೆಕ್ಕ ನನಗೂ ಬರುತ್ತೆ."

"ಬರುತ್ತೆ ಯಜಮಾನ್ರೆ. ಆದ್ರೆ ಇಲ್ಲಿಂದ ಗಾಡಿಗೆ ಹಾಕಿ ಕಳಿಸಿದ ಐಸು ದೂರದ ಊರಿಗೆ ಪೂರ್ತಿ ಮುಟ್ಟುತ್ತಾ?"

"ಅದು ಹೇಗೆ ಮುಟ್ಟುತ್ತೆ? ದಾರೀಲಿ ಕರಗುತ್ತೆ."

"ಮುಂದಿನ ವರ್ಷದ ಉಳಿತಾಯಾನೂ ಹಾಗೇ. ಒಂದೊಂದು ವರ್ಷ ದೂರಕ್ಕೂ ಇಪ್ಪತ್ತರಲ್ಲಿ ಒಂದು ಪಾಲು ಕರಗಿಸ್ತೀನಿ. ಹತ್ತನೇ ವರ್ಷದ್ದು ಇಲ್ಲಿಗೆ ಬಂದು ಮುಟ್ಟೋಷ್ಟರಲ್ಲಿ ಅರ್ಧಕ್ಕೆ ಹತ್ತಿರ ನೀರಾಗಿರುತ್ತೆ." ಬೆರಳು ಮಡಚಿ ಮಡಚಿ, ತುಟಿ ಅಲ್ಲಾಡಿಸುತ್ತಾ ತುಂಬ ಹೊತ್ತು ಎಣಿಸುತ್ತಾರೆ. ಮೂರನೇ ಸಾಲಿನಲ್ಲಿ ಬರೆಯುತ್ತಾರೆ: ಹದಿನಾರು.

ಅಣ್ಣ ಅದನ್ನು ನೋಡುತ್ತಾರೆ. "ಹಾಗಾದ್ರೆ ಕೊನೇ ಸಾಲಿಗೆ ಹದಿನೇಳು ಬರ್ಕೊಳ್ಳಿ. ನಾನೇನು ಸಾಯ್ತೀನಾ?"

"ಲೆಕ್ಕ ಏನು ಕೇಳುತ್ತೋ ಅದನ್ನ ಹೇಳ್ಬೇಡಿ" ಎಂದು ಮೀಟರಕ್ಕ ಚೀಲದಿಂದ ಲೋಟಗಳನ್ನು ತೆಗೆಯುತ್ತಾರೆ.

"ಬಂತಪ್ಪಾ, ಯಮನ ಲೋಟ!" ಅಣ್ಣ ನಗುತ್ತಾರೆ. ತಂಗಿ ನಗುವುದಿಲ್ಲ.

ಮೀಟರಕ್ಕ ಗೋಡೆಗೆ ತಿರುಗುತ್ತಾರೆ. ಅಣ್ಣ ಸೋಪಿನ ಲೋಟ ಹಿಡಿದು ತೊಟ್ಟಿಯ ಹಿಂದೆ ಹೋಗುತ್ತಾರೆ. ಅಲ್ಲಿಂದ ಒಂದು ಸದ್ದು ಬರುತ್ತದೆ: ಟಿಣ್. ಮತ್ತೆ ಟಿಣ್. ಎಷ್ಟು ಸಲ ಎಂದು ಎಣಿಸಬಾರದು ಅಂದುಕೊಂಡರೂ ಕಿವಿ ಎಣಿಸಲು ಹೋಗುತ್ತದೆ. ಅಷ್ಟರಲ್ಲಿ ಮೆಷಿನ್ನು ಇನ್ನೊಮ್ಮೆ ಕೆಮ್ಮುತ್ತದೆ. ಎಣಿಕೆ ತಪ್ಪಿಹೋಗುತ್ತದೆ. ಅಣ್ಣ ಹೊರಬಂದು, ಕರ್ಚೀಫು ಮುಚ್ಚಿದ ಲೋಟವನ್ನು ಕಂಪ್ರೆಸರಿನ ತಲೆಯ ಮೇಲೆ ಇಡುತ್ತಾರೆ. ಅವರ ದಿನನಿತ್ಯದ ಟೀ ಲೋಟ ಇಡುವ ಜಾಗ ಅದು. ಆಮೇಲೆ ಬಾಗಿಲ ಬಳಿ ಹೋಗಿ ರಸ್ತೆ ನೋಡುತ್ತಾ ನಿಲ್ಲುತ್ತಾರೆ.

ತಂಗಿಯ ಸರದಿ. ಎರಡನೇ ಲೋಟ ಹಿಡಿದು ಕಂಪ್ರೆಸರಿನ ಪಕ್ಕದಿಂದ ಹಾದು ಹೋಗುತ್ತಾರೆ. ತುಂಬ ಹೊತ್ತಾದರೂ ಬರುವುದಿಲ್ಲ. ಅಣ್ಣ "ಏನೇ, ನೂರು ವರ್ಷ ಹಾಕ್ತಾ ಇದ್ದೀಯಾ?" ಎಂದು ಕೂಗುತ್ತಾರೆ. ಹೊರಗೆ ಮೊದಲ ಗಾಡಿಯ ಸದ್ದು ಕೇಳಿ, ಕಿಟಕಿಯ ಗಾಜು ಬೆಳ್ಳಗಾದ ಮೇಲೆ ತಂಗಿ ಬಂದು ತಮ್ಮ ಲೋಟವನ್ನು ನೆಲದ ಮೇಲಿಡುತ್ತಾರೆ.

ಮೀಟರಕ್ಕ ಮೊದಲು ಅಣ್ಣನ ಲೋಟವನ್ನು ಇಳಿಸಿಕೊಳ್ಳುತ್ತಾರೆ. ಕರ್ಚೀಫು ತೆಗೆಯುತ್ತಾರೆ. ತಲೆಬಗ್ಗಿಸಿ ನೋಡುತ್ತಾರೆ, ಓರೆ ಮಾಡಿ ನೋಡುತ್ತಾರೆ.

ಲೋಟದ ತಳದಲ್ಲಿ ನೀರಿದೆ. ಬೇರೇನೂ ಇಲ್ಲ.

"ಯಜಮಾನ್ರೆ, ಏನು ಹಾಕಿದ್ರಿ?"

"ಕೈಗೆ ಸಿಕ್ಕಿದ್ದು ಹಾಕಿ ಅಂದ್ರಲ್ಲ. ಐಸು ಹಾಕಿದೆ." ಹೇಳಿದ ಮೇಲೆಯೇ ಅವರಿಗೆ ತಾವು ಮಾಡಿದ್ದು ಏನೆಂದು ಹೊಳೆಯುತ್ತದೆ. ಬದುಕೆಲ್ಲ ಐಸಿನ ಮಧ್ಯೆ ಕಳೆದ ಮನುಷ್ಯ, ಚೂರುಗಳನ್ನು ಇನ್ನೂ ಬಿಸಿ ಆರದ ಮೆಷಿನ್ನಿನ ಮೇಲಿಟ್ಟು ಬಂದಿದ್ದಾರೆ. ಒಂದು ಗಳಿಗೆ ಮೂವರೂ ಕಂಪ್ರೆಸರಿನ ಕಡೆ ನೋಡುತ್ತಾರೆ. ಅದರ ಪಕ್ಕದ ಕುರ್ಚಿಯ ಕಡೆಗೂ.

"ಅಪ್ಪಾನೇ ತಿಂದುಬಿಟ್ಟ" ಎನ್ನುತ್ತಾರೆ ಅಣ್ಣ. ನಗಲು ಹೋಗಿ ನಗು ಬರುವುದಿಲ್ಲ. "ಇರಲಿ ಬಿಡಿ, ಈಗ ಬಾಯಲ್ಲೇ ಹೇಳ್ತೀನಿ. ಹದಿನೇಳು."

ಮೀಟರಕ್ಕ ತಂಗಿಯ ಲೋಟದ ಬಟ್ಟೆ ತೆಗೆಯುತ್ತಾರೆ. ಅದರಲ್ಲಿ ಕಬ್ಬಿಣದ ನಟ್ಟುಗಳಿವೆ. ಮೂರು.

"ಮೂರಾ? ಮೂರೇ ವರ್ಷನಾ?" ಅಣ್ಣನ ದನಿ ಏರುತ್ತದೆ. "ಆಮೇಲೆ ಎಲ್ಲಿಗೆ ಹೋಗ್ತೀಯೇ? ಹೇಳು, ನನ್ನ ಬಿಟ್ಟು ಎಲ್ಲಿಗೆ ಹೊರಟಿದ್ದೀಯಾ?"

"ಅದು ನನ್ನದಲ್ಲ ಅಣ್ಣ." ತಂಗಿ ನೆಲ ನೋಡುತ್ತಾ ಹೇಳುತ್ತಾರೆ. "ನಿನ್ನದು. ಹೋಗ್ತಾ ನಿನ್ನ ಲೋಟದ ಬಟ್ಟೆ ಎತ್ತಿ ನೋಡಿದೆ. ಮೂರು ಚೂರಿತ್ತು. ಆಗ್ಲೇ ಸಣ್ಣಗಾಗ್ತಾ ಇತ್ತು. ಕರಗಿಹೋದ್ರೆ ಯಾರಿಗೂ ಗೊತ್ತಾಗಲ್ಲ ಅಂತ ಭಯ ಆಯ್ತು. ಅದಕ್ಕೇ ನಾನೂ ಅಷ್ಟೇ ಹಾಕಿದೆ."

"ಕಳ್ಳಿ! ಕದ್ದು ನೋಡಿದ್ಯಾ?"

"ನೋಡಿದೆ."

"ನಿಂದು ಎಷ್ಟು ಹಾಗಾದ್ರೆ?"

"ನೀನಿಲ್ದೆ ಇದನ್ನ ಯಾರಿಗೋಸ್ಕರ ನಡೆಸ್ಲಿ?"

ಹೊರಗೆ ಗಾಡಿಯವನು ಗಂಟೆ ಬಾರಿಸುತ್ತಾನೆ. ಯಾರೂ ಬಾಗಿಲ ಕಡೆ ಹೋಗುವುದಿಲ್ಲ. ಅಣ್ಣ ತಮ್ಮ ಬಲಗೈಯನ್ನು ಎತ್ತಿ, ಬೇರೆ ಯಾರದೋ ಕೈಯೆಂಬಂತೆ ನೋಡಿಕೊಳ್ಳುತ್ತಾರೆ. "ಡಾಕ್ಟರು ಏನೂ ಹೇಳಿಲ್ಲ. ನನಗೆ ಏನೂ ಆಗಿಲ್ಲ. ಹದಿನೇಳು ಹಾಕೋಣ ಅಂತಾನೇ ಹೋದೆ. ಎಣಿಸ್ತಾ ಎಣಿಸ್ತಾ ಕೈ ಮೂರಕ್ಕೆ ನಿಂತುಬಿಡ್ತು. ಯಾರೋ ಹಿಡ್ಕೊಂಡ ಹಾಗೆ." ಆಮೇಲೆ, ತುಂಬ ಸಣ್ಣ ದನಿಯಲ್ಲಿ: "ಆಗಲೇ ತಾನೇ ಅಪ್ಪ ಕೆಮ್ಮಿದ್ದು."

ಮೀಟರಕ್ಕ ನಾಲ್ಕನೇ ಸಾಲಿನಲ್ಲಿ ಮೂರು ಎಂದು ಬರೆಯುತ್ತಾರೆ. ಹದಿನಾರರ ಕೆಳಗೆ ಮೂರು. ಯಾರೂ ಏನೂ ಹೇಳಬೇಕಾಗಿಲ್ಲ. ಹೊಸ ಕಂಪ್ರೆಸರ್ ಬೇಡ.

ಆದರೆ ಅವರು ಎದ್ದು ಹೋಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯುತ್ತಾರೆ. ತೊಟ್ಟಿಯ ಮರದ ಮುಚ್ಚಳಗಳು ಕೊಳೆತಿವೆ, ತಂಪು ಅಲ್ಲಿಂದ ಸೋರುತ್ತಿದೆ. ಮೆಷಿನ್ನಿಗೆ ಬರುವ ಪೈಪಿನ ಮೈಮೇಲೆ ಹೊದಿಕೆಯಿಲ್ಲದೆ ಬೆರಳುದಪ್ಪ ಮಂಜು ಕಟ್ಟಿದೆ. ಕವಾಟ ಸವೆದಿದೆ. ಮೂರನ್ನೂ ಸರಿಮಾಡಿಸಲು ಎರಡು ಬಿಲ್ಲು ಸಾಕು. ಉಳಿಯುವುದು ತಿಂಗಳಿಗೆ ಬಿಲ್ಲಿನ ಏಳರಲ್ಲೊಂದು ಪಾಲು.

"ಹದಿನಾಲ್ಕು ತಿಂಗಳಿಗೆ ವಾಪಸು ಬರುತ್ತೆ. ಇಷ್ಟು ಹತ್ತಿರದ್ದು ಹೆಚ್ಚು ಕರಗಲ್ಲ. ಮಿಕ್ಕ ದುಡ್ಡು ಇಬ್ಬರ ಹತ್ರಾನೇ ಇರಲಿ."

"ಕೆಮ್ಮು?" ಅಣ್ಣ ಕೇಳುತ್ತಾರೆ. ಅವರಿಗೆ ಬೇಕಾದದ್ದು ಅದೊಂದೇ.

"ಕವಾಟ ಹಾಕಿಸಿದ್ರೆ ಕಮ್ಮಿ ಆಗುತ್ತೆ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಅದು ನನ್ನ ಲೆಕ್ಕಕ್ಕೆ ಬರಲ್ಲ ಯಜಮಾನ್ರೆ."

ಅಣ್ಣ ಚಪ್ಪಲಿ ಬಿಟ್ಟು, ಒದ್ದೆ ಕಾಲಿನಿಂದ ನೆಲದ ಬರಹವನ್ನು ಒರೆಸುತ್ತಾರೆ. ಹದಿನಾರು ಹೋಗುತ್ತದೆ, ಮೂರು ಹೋಗುತ್ತದೆ. ಹದಿನಾಲ್ಕು ತಿಂಗಳ ಸಾಲನ್ನು ಮಾತ್ರ ಹಾಗೇ ಬಿಡುತ್ತಾರೆ. ಲೋಟದ ನೀರನ್ನು ಚೆಲ್ಲಲೋ ಬೇಡವೋ ಎಂದು ಮೀಟರಕ್ಕ ಹಿಡಿದು ನಿಂತಿದ್ದಾರೆ.

"ಕೊಡಿ ಇಲ್ಲಿ" ಎಂದು ಅಣ್ಣ ಕಸಿದುಕೊಂಡು ಒಂದೇ ಗುಟುಕಿಗೆ ಕುಡಿದುಬಿಡುತ್ತಾರೆ. ಬಾಯಿ ಒರೆಸಿಕೊಳ್ಳುತ್ತಾರೆ. "ನನ್ನ ಆಯಸ್ಸು, ನಾನೇ ಕುಡಿದೆ. ಚರಂಡಿಗೆ ಯಾಕೆ? ಸೋಪಿನ ವಾಸನೆ ಬರುತ್ತಲ್ಲ ಮೀಟರಕ್ಕ, ತೊಳೆಯಲ್ವಾ ನೀವು?"

ಈ ಸಲ ತಂಗಿ ನಗುತ್ತಾರೆ. ನಗುತ್ತಾ ನಗುತ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಅಣ್ಣ ಸ್ವಿಚ್ಚು ಒತ್ತುತ್ತಾರೆ. ಬೆಲ್ಟು ಸುತ್ತುತ್ತದೆ, ನೆಲ ನಡುಗುತ್ತದೆ, ಮೆಷಿನ್ನು ಕೆಮ್ಮುತ್ತದೆ. "ಬಂದೆ ಕಣಪ್ಪಾ, ಕೂಗ್ಬೇಡ" ಎನ್ನುತ್ತಾರೆ ಅದಕ್ಕೆ. ಬಾಗಿಲವರೆಗೆ ಬಂದು ಮೀಟರಕ್ಕನಿಗೆ ಕೂಲಿ ಕೊಟ್ಟು ಹೇಳುತ್ತಾರೆ: "ಮೂರು ವರ್ಷ ಬಿಟ್ಟು ಬನ್ನಿ. ಮತ್ತೆ ಲೋಟ ಕೊಡಿ. ಆಗ ನಟ್ಟು ಹಾಕ್ತೀನಿ."

ಮೀಟರಕ್ಕ ರಸ್ತೆಗೆ ಇಳಿಯುತ್ತಾರೆ. ಚೀಲದೊಳಗೆ ಎರಡು ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಅವರು ನಿಂತು, ಎರಡರ ಮಧ್ಯೆ ಕರ್ಚೀಫು ತುರುಕುತ್ತಾರೆ. ಅದು ಅಣ್ಣನ ಕರ್ಚೀಫು, ಮರೆತು ತಂದದ್ದು. "ವಾಪಸು ಕೊಡೋಕೆ ಹೋಗ್ಬೇಕು" ಎನ್ನುತ್ತಾರೆ. "ಈಗಲ್ಲ. ಮೂರು ವರ್ಷ ಬಿಟ್ಟು." ಇನ್ನೂ ನಾಲ್ಕು ಹೆಜ್ಜೆ ನಡೆದ ಮೇಲೆ: "ಇಷ್ಟು ವರ್ಷದಲ್ಲಿ ನನ್ನ ಲೆಕ್ಕ ತಪ್ಪಲಿ ಅಂತ ಯಾವತ್ತೂ ಬೇಡ್ಕೊಂಡಿರ್ಲಿಲ್ಲ."

ಮನೆಯ ತಿರುವಿನಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಆಗಷ್ಟೇ ತೆರೆಯುತ್ತಿದೆ. ಮೀಟರಕ್ಕ ಯಾವತ್ತೂ ಅದರೆದುರು ನಿಲ್ಲುವುದಿಲ್ಲವಂತೆ. ಇಂದು ನಿಲ್ಲುತ್ತಾರೆ. ಅಂಗಡಿಯವನು ಅಭ್ಯಾಸದಂತೆ ಮೊದಲು ತನ್ನ ಬಲ್ಬಿನ ಕಡೆ ನೋಡುತ್ತಾನೆ, ಆಮೇಲೆ ಇವರ ಕಡೆ.

"ಒಂದು ಫ್ಯಾನ್ ಕೊಡಪ್ಪ."

ಅವನಿಗೆ ನಂಬಿಕೆಯಾಗುವುದಿಲ್ಲ. ಡಬ್ಬ ಇಳಿಸಿ ಧೂಳು ಹೊಡೆಯುತ್ತಾನೆ. "ಒಳ್ಳೇದು ಅಕ್ಕ. ಕರೆಂಟ್ ಅರ್ಧ ಉಳಿಯುತ್ತೆ. ಗ್ಯಾರಂಟಿ ಬೇರೆ ಇದೆ, ಇಷ್ಟು ವರ್ಷ ಅಂದ್ರೆ—"

ಮೀಟರಕ್ಕ ಕೈ ಅಡ್ಡ ಹಿಡಿಯುತ್ತಾರೆ.

"ವರ್ಷದ ಮಾತು ಬೇಡ. ಗಾಳಿ ಬರುತ್ತಾ, ಅಷ್ಟು ಹೇಳು."